ಹೊಸ ಅಂಗಿ

ಕೊಲೆಯ ಆರೋಪ ಹೊತ್ತ ಹದಿನಾರರ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಂತಿದ್ದ. ಅವನ ದೊಡ್ಡಪ್ಪ ಹೊಸ ಅಂಗಿಯೊಂದನ್ನು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದ.

"ಕೊಲೆ ಕೇಸು ಮೇಡಂ, ಬೇಲ್ ಕೊಡಬಾರದು" ಎಂದರು ಸರ್ಕಾರಿ ವಕೀಲರು.

ಮ್ಯಾಜಿಸ್ಟ್ರೇಟ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೆಳಗಿನಿಂದ ಇದೇ ವಾದ.

"ಎಂಥ ಕೇಸಾದ್ರೂ ಮಗು ಮಗುನೇ ಕಣ್ರೀ. ಬೇಲ್ ಅವನ ಹಕ್ಕು. ಮನೇಲಿ ನೋಡ್ಕೊಳ್ಳೋರು ಯಾರಿದ್ದಾರೆ?"

"ನಾನಿದೀನಿ ತಾಯಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದ ದೊಡ್ಡಪ್ಪ, ಹುಡುಗನ ಬೆನ್ನು ಸವರಿದ. "ನಾನು ಮೊದಲೇ ಹೇಳಿರ್ಲಿಲ್ವಾ ಮಗಾ, ಬೇಗ ಬಿಡ್ತಾರೆ ಅಂತ?"

"ಸರಿ, ಮನೆಗೆ ಹೋಗಪ್ಪಾ" ಎಂದರು ಮ್ಯಾಜಿಸ್ಟ್ರೇಟ್.

ಹುಡುಗ ಅಂಗಿ ಮುಟ್ಟಲಿಲ್ಲ.

"ಬ್ಯಾಡ ಮೇಡಂ. ಇಷ್ಟು ಸಲೀಸಾಗಿ ಬಿಟ್ಬಿಟ್ರೆ, ಮುಂದಿನ ಕೊಲೇನೂ ನಾನೇ ಮಾಡಿದ್ದು ಅಂತ ದೊಡ್ಡಪ್ಪ ನನ್ನ ಕೈಲಿ ಹೇಳಿಸ್ತಾರೆ."