ಅಣ್ಣ ಸಾರಿಸಿದ ಜಗಲಿ

ಸೊಸೆ ಅಂಗಳ ಸಾರಿಸುವಾಗ ಏಳುವ ಹಸಿ ಸಗಣಿಯ ವಾಸನೆ ಈಗಲೂ ನನ್ನನ್ನು ಮಂಡ್ಯದ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಹಿಂದುಳಿದವರಿಗೆಂದು ಸರ್ಕಾರ ಮೀಸಲಿಟ್ಟಿದ್ದ ಗುಮಾಸ್ತೆ ಕೆಲಸ ಅಣ್ಣನಿಗೆ ಸಿಕ್ಕಿತ್ತು. ಓದಿಸಿದ ಮೇಷ್ಟ್ರಿಗೆ ಬೆಲ್ಲ ಕೊಡಲು ಕೆರಗೋಡಿನಿಂದ ಹೊರಟವನು ನನ್ನನ್ನೂ ಕರೆದುಕೊಂಡು ಹೋದ. ಮೇಷ್ಟ್ರು ಬ್ರಾಹ್ಮಣರು, ನಮಗೆ ಜಗಲಿಯ ಮೇಲೆ ಎಲೆ ಹಾಕಿದರು. ಅವರ ಮಗ ಅಣ್ಣನ ಜೊತೆಯಲ್ಲೇ ಪಾಸಾದವನು, ಅಣ್ಣನಿಗಿಂತ ಹೆಚ್ಚು ನಂಬರು ತೆಗೆದವನು. ಬಾಗಿಲಿಗೆ ಒರಗಿ ನಿಂತು ಕೇಳಿದ: "ಜಾತಿ ನೋಡದೆ ಕೊಟ್ಟಿದ್ರೆ ಈ ಕೆಲಸ ನಿನಗೆ ಸಿಕ್ತಿತ್ತೇನಯ್ಯಾ?"

ಅಣ್ಣ ಮಜ್ಜಿಗೆ ಅನ್ನ ಮುಗಿಸಿ, ನಮ್ಮಿಬ್ಬರ ಎಲೆಗಳನ್ನೂ ತಾನೇ ಎತ್ತಿ ಎಸೆದು ಬಂದ. ಹೊಸ ಕೋಟಿನ ತೋಳು ಮಡಚಿ, ಆ ಮನೆಯಲ್ಲಿ ಉಂಡಾಗಲೆಲ್ಲ ಮಾಡುತ್ತಿದ್ದಂತೆ, ನಾವು ಕೂತಿದ್ದ ಜಾಗಕ್ಕೆ ಸಗಣಿ ಹಾಕಿ ಸಾರಿಸಿದ.

"ಕೆಲಸ ಸಿಕ್ರೂ ಮರ್ಯಾದೆ ಮರೆತಿಲ್ಲ ನೋಡು," ಎಂದರು ಮೇಷ್ಟ್ರ ತಾಯಿ. ಮೇಷ್ಟ್ರು ತಲೆ ಎತ್ತಲಿಲ್ಲ.

ದಾರಿಯಲ್ಲಿ ಅಣ್ಣ ನಾಲೆಗಿಳಿದು ಮರಳು ಹಾಕಿ ಕೈ ಉಜ್ಜಿದ. "ವಾಸ್ನೆ ಓಯ್ತೇನವ್ವ?" ಎಂದು ನನ್ನ ಮೂಗಿನ ಹತ್ತಿರ ಹಿಡಿದ.

"ಓಯ್ತು ಕಣಣ್ಣ," ಎಂದೆ.

ಕಚೇರಿಗೆ ಮೊದಲ ದಿನ ಹೊರಟಾಗಲೂ, ನಿವೃತ್ತನಾಗಿ ಹಾರ ಹಾಕಿಸಿಕೊಂಡು ಬಂದ ಸಂಜೆಯೂ, ಅಣ್ಣ ಹೊಸ್ತಿಲಲ್ಲಿ ನಿಂತು ಆ ಕೈಯನ್ನು ಮೂಸಿ ನೋಡಿಕೊಂಡ.