ಬಂಡಿ ಯಾರದು?

ಹತ್ತಿ ಬಿಡಿಸುವ ಕೆಲಸ ಅರ್ಧಕ್ಕೇ ಬಿಟ್ಟು ಉರುಕುಂದಪ್ಪ ಮತ್ತೆ ರಾಯಚೂರಿನ ಅದಾಲತ್ತಿಗೆ ಬಂದಿದ್ದ. ಯುದ್ಧದಲ್ಲಿ ಜಪಾನಿನವರ ಹತ್ತಿ ಜಿನ್ನಿನ ಕಾರ್ಖಾನೆಗೆ ಸರ್ಕಾರ ಬೀಗಮುದ್ರೆ ಹಾಕಿದಾಗ, ಹತ್ತಿ ಇಳಿಸಲು ಹೋಗಿದ್ದ ಅವನ ಬಂಡಿಯೂ ವೈರಿಯ ಆಸ್ತಿಯೆಂದು ಒಳಗೇ ಉಳಿದಿತ್ತು. ಯುದ್ಧ ಮುಗಿದರೂ ವಿಚಾರಣೆಯ ಪೇಶಿ ಮುಗಿದಿರಲಿಲ್ಲ. ಇವತ್ತಾದರೂ ಬಂಡಿ ಸಿಗುತ್ತದೆಂದು ಮಾನ್ವಿಯಿಂದ ಎತ್ತುಗಳನ್ನು ಹೊಡೆದುಕೊಂಡೇ ಬಂದಿದ್ದ.

“ನಂದು ಅನ್ನು, ಅಷ್ಟ ಸಾಕು,” ಎಂದರು ವಕೀಲ ಪ್ರಹ್ಲಾದರಾಯರು.

“ಅಷ್ಟೂ ಬರಂಗಿಲ್ಲೇನ್ರೀ ನನಗ?”

ಒಳಗೆ ಕರೆದಾಗ ಮುನ್ಸಿಫರು ದಣಿದ ಕಣ್ಣೆತ್ತಿದರು. “ಬಂಡಿ ಯಾರದು?”

ದೊಡ್ಡವರು ಕೇಳಿದಾಗ ಅಪ್ಪ, ಅಜ್ಜ ಹೇಳುತ್ತಿದ್ದ ಮಾತೇ ಉರುಕುಂದಪ್ಪನ ಬಾಯಿಗೆ ಬಂತು. ಕೈಮುಗಿದು, “ತಮ್ದ ರೀ, ಯಪ್ಪಾ,” ಎಂದ.

ವಕೀಲರು ಹಣೆ ಒತ್ತಿಕೊಂಡರು. ಗುಮಾಸ್ತ ‘ಸರ್ಕಾರದ್ದು’ ಎಂದು ಬರೆದುಕೊಂಡ. ಉರುಕುಂದಪ್ಪ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಗಿತ್ತು.

ಹೊರಗೆ ಬೇವಿನ ನೆರಳಲ್ಲಿದ್ದ ಎತ್ತುಗಳು ಅವನನ್ನು ಕಂಡೊಡನೆ, ನೊಗಕ್ಕೆಂದು ಕುತ್ತಿಗೆ ಬಗ್ಗಿಸಿದವು.