ತಟ್ಟೆಗೆ ಬಂದ ತುಪ್ಪ

ಗಂಡನ ಹೃದಯ ದುರ್ಬಲವಾಗಿದೆ ಎಂದು ತಿಳಿದ ದಿನದಿಂದ ಅವಳು ಮನೆಗೆ ತುಪ್ಪ ತರುವುದನ್ನೇ ಬಿಟ್ಟಿದ್ದಳು. ಒಗ್ಗರಣೆಗೂ ಎಣ್ಣೆ ತೋರಿಸಿದ ಶಾಸ್ತ್ರ ಅಷ್ಟೇ. ಊಟಕ್ಕೆ ಕೂತಾಗಲೆಲ್ಲ ಜಗಳ.

"ಆಸ್ಪತ್ರೆ ಊಟವೇ ವಾಸಿಯಿತ್ತು ಕಣೇ."

"ಬೈಯಿರಿ, ಪರವಾಗಿಲ್ಲ. ಬೈಯೋಕಾದ್ರೂ ನೀವಿರಬೇಕಲ್ಲ!"

ಈ ಸಲದ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಪಾತಾಳಕ್ಕಿಳಿದಿತ್ತು. ಗಂಡನನ್ನು ಇಸಿಜಿಗೆಂದು ಪಕ್ಕದ ಕೋಣೆಗೆ ಕರೆದೊಯ್ದಾಗ, ಅವಳು ಶಹಭಾಸ್‌ಗಿರಿಗೆ ಕಾದವಳಂತೆ ಡಾಕ್ಟರ ಮುಖ ನೋಡಿದಳು. ಅವರು ಹುಬ್ಬು ಗಂಟಿಕ್ಕಿದರು.

"ಇಷ್ಟು ಇಳಿದಿರೋದು ಒಳ್ಳೇ ಲಕ್ಷಣ ಅಲ್ಲಮ್ಮ. ಇಂಥ ಹೃದಯ ಇರೋರು ಸೊರಗಬಾರದು. ಉಪ್ಪು ಮಾತ್ರ ಬಿಗಿಯಾಗಿರಲಿ. ಉಳಿದದ್ದು ಹೊಟ್ಟೆ ತುಂಬ ತಿನ್ನಲಿ. ಒಂದು ಚಮಚ ತುಪ್ಪ ಹಾಕಿದ್ರೂ ತೊಂದರೆಯೇನಿಲ್ಲ."

"ಹಾಗಾದ್ರೆ ಎರಡು ವರ್ಷ ನಾನು ಮಾಡಿದ್ದೇನು ಡಾಕ್ಟ್ರೇ?"

ಅವರು ಉತ್ತರಿಸುವ ಮೊದಲೇ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಸಿಟ್ಟು ಡಾಕ್ಟರ ಮೇಲೋ ತನ್ನ ಮೇಲೋ ಅವಳಿಗೇ ಗೊತ್ತಾಗಲಿಲ್ಲ. ನಡುವೆ ಆಟೋ ನಿಲ್ಲಿಸಿ ತುಪ್ಪ ಕೊಂಡಳು. ಮನೆಗೆ ಬಂದು ಬಿಸಿ ಅನ್ನ, ತೊವ್ವೆ ಬಡಿಸಿ, ಮೇಲೆ ಒಂದು ಚಮಚ ತುಪ್ಪ ಹಾಕಿದಳು.

"ತಿನ್ನಿ. ಇನ್ಮೇಲೆ ನಾನು ಯಾವುದಕ್ಕೂ ಬೇಡ ಅನ್ನಲ್ಲ," ಎಂದಳು, ಆದಷ್ಟು ಮೃದುವಾಗಿ.

ಅವನು ತಟ್ಟೆ ನೋಡಿದ, ಅವಳ ಮುಖ ನೋಡಿದ. ಕಲಸಲು ಚಾಚಿದ ಕೈ ಹಾಗೇ ನಿಂತಿತು.

"ಎಷ್ಟು ದಿನ ಅಂದ್ರು ಡಾಕ್ಟ್ರು?"